ಹೊಸ ಬಿಲ್ಡಿಂಗ್ ಅಂತ ಅಡ್ವಾನ್ಸ್ ಕೊಡುವ ಮುಂಚೆ ಓಸಿ ಕೇಳಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಅದರಲ್ಲೂ ಈಗಷ್ಟೇ ಕಟ್ಟಿ ಮುಗಿಸಿದ ಅಪಾರ್ಟ್‌ಮೆಂಟ್? ದಯವಿಟ್ಟು ಮೊದಲು ಓಸಿ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ಇದೆಯಾ ಕೇಳಿ. ಕಟ್ಟಡ ಪ್ಲಾನ್ ಪ್ರಕಾರ ಇದೆ, ಜನ ವಾಸ ಮಾಡಬಹುದು ಅಂತ ಕೊಡುವ ಪತ್ರ ಅದು. ಮನೆ ಕೊಳ್ಳುವವರಿಗೆ ಬೇಕು, ಬಾಡಿಗೆಗೆ ಇರುವವರಿಗೆ ಯಾಕೆ ಅಂತ ನಾನೂ ಅಂದುಕೊಂಡಿದ್ದೆ.

ನಾವು ಹಿಡಿದಿದ್ದು ಹೊರಮಾವು ಕಡೆ, ನಾಲ್ಕನೇ ಮಹಡಿಯಲ್ಲಿ ಟು ಬಿಎಚ್‌ಕೆ. 27 ಸಾವಿರ ಬಾಡಿಗೆ, 2 ಲಕ್ಷ ಅಡ್ವಾನ್ಸ್, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಆ ಮನೆಗೆ ನಾವೇ ಮೊದಲು. ಟೈಲ್ಸ್ ಹೊಳೆಯುತ್ತಿತ್ತು, ಅಡುಗೆಮನೆ ಗ್ರಾನೈಟ್ ಮೇಲೆ ಒಂದು ಗೀರೂ ಇರಲಿಲ್ಲ, ಅಮ್ಮ ಅಂತೂ ಆವತ್ತೇ ಹಾಲುಕ್ಕಿಸಲು ದಿನ ನೋಡಿದರು. ಲಿಫ್ಟ್ ಮುಂದಿನ ವಾರ ಶುರುವಾಗುತ್ತೆ ಅಂದರು. ಕರೆಂಟು, ಕಾವೇರಿ ಎಲ್ಲದಕ್ಕೂ ಅರ್ಜಿ ಹಾಕಿದ್ದೀವಿ ಅಂದರು. ನಂಬಿದೆವು.

ಮೊದಲ ತಿಂಗಳ ಕರೆಂಟ್ ಲೆಕ್ಕ ಬಂದಾಗ ಗಾಬರಿಯಾಯಿತು. ನಮ್ಮ ಮನೆಗೆ ಆರ್‌ಆರ್ ನಂಬರೇ (ಬೆಸ್ಕಾಂ ಪ್ರತಿ ಸಂಪರ್ಕಕ್ಕೂ ಕೊಡುವ ನಂಬರ್) ಇಲ್ಲ! ಕಟ್ಟುವಾಗ ತೆಗೆದುಕೊಂಡಿದ್ದ ತಾತ್ಕಾಲಿಕ ಸಂಪರ್ಕದಿಂದಲೇ ಎಲ್ಲ ಮನೆಗೂ ಲೈನ್ ಎಳೆದು, ಒಂದೊಂದು ಸಬ್‌ಮೀಟರ್ ಕೂರಿಸಿ, ಯೂನಿಟ್‌ಗೆ 14 ರೂಪಾಯಿ ವಸೂಲಿ ಮಾಡುತ್ತಿದ್ದರು. ಆರ್‌ಆರ್ ನಂಬರ್ ಇಲ್ಲ ಅಂದ ಮೇಲೆ ಗೃಹಜ್ಯೋತಿಯೂ ಇಲ್ಲ. ಹಳೇ ಮನೆಯಲ್ಲಿ 200 ಯೂನಿಟ್ ಒಳಗೇ ಇದ್ದು ಸೊನ್ನೆ ಬಿಲ್ ಬರುತ್ತಿತ್ತು. ಇಲ್ಲಿ ಬೆಳಿಗ್ಗೆ ನಾಲ್ಕು ಮನೆಯವರು ಒಟ್ಟಿಗೆ ಗೀಸರ್ ಹಾಕಿದರೆ ಇಡೀ ಬಿಲ್ಡಿಂಗ್ ಕರೆಂಟ್ ಹೋಗುತ್ತಿತ್ತು.

ಆಮೇಲೆ ವಿಚಾರಿಸಿದಾಗ ವಿಷಯ ಗೊತ್ತಾಯಿತು. ಪ್ಲಾನ್ ಇದ್ದಿದ್ದು ಮೂರು ಮಹಡಿಗೆ, ಕಟ್ಟಿದ್ದು ಐದು. ಹಾಗಾಗಿ ಓಸಿ ಸಿಗುವ ಮಾತೇ ಇಲ್ಲ. ಓಸಿ ತೋರಿಸಿದ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಬಿಲ್ಡರ್‌ಗೆ ಇದೆಲ್ಲ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಮ್ಮಿಂದ ಅಡ್ವಾನ್ಸ್ ತೆಗೆದುಕೊಂಡರು.

ನೀರಿನದ್ದೂ ಇದೇ ಕತೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲೆಂದೇ ಮಾಡಿದ ಯೋಜನೆ. ಪೈಪು ನಮ್ಮ ರಸ್ತೆಯಲ್ಲೇ ಹೋಗಿದೆ, ನಮ್ಮ ಬಿಲ್ಡಿಂಗ್ ಸಂಪ್‌ಗೆ ಮಾತ್ರ ನೀರು ಬರುತ್ತಿರಲಿಲ್ಲ. ದಿನಾ ಟ್ಯಾಂಕರ್. ತಿಂಗಳಿಗೆ ನಮ್ಮ ಪಾಲು 2 ಸಾವಿರದ ಮೇಲೆ, ಬಾಡಿಗೆ ಬಿಟ್ಟು.

ಮಳೆ ಹಿಡಿದ ಮೇಲೆ ಮಲಗುವ ಕೋಣೆಯ ಗೋಡೆ ಬೆವರಲು ಶುರುವಾಯಿತು. ಗಾರೆ ಒಣಗುವ ಮುಂಚೆಯೇ ಪುಟ್ಟಿ, ಪೇಂಟ್ ಬಳಿದು ಮುಗಿಸಿದ್ದರು. ಪೇಂಟ್ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಉದುರಿತು. ಬೀರುವಿನಲ್ಲಿದ್ದ ಅಮ್ಮನ ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯಿತು, ಅದರಲ್ಲಿ ಅವರ ಮದುವೆ ಸೀರೆಯೂ ಇತ್ತು. ಅವರಿಗೆ ಮಂಡಿ ನೋವು. ಲಿಫ್ಟ್ ಕೊನೆಯವರೆಗೂ ಓಡಲಿಲ್ಲ. ಐದು ತಿಂಗಳಲ್ಲಿ ಅಮ್ಮ ಕೆಳಗಿಳಿದಿದ್ದು ಬೆರಳೆಣಿಕೆಯಷ್ಟು ಸಲ, ಆಸ್ಪತ್ರೆಗೆ ಅಂತ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಐದು ತಿಂಗಳಿಗೇ ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಹನ್ನೊಂದು ತಿಂಗಳು ತುಂಬಲಿಲ್ಲ ಅಂತ ಇನ್ನೊಂದು ತಿಂಗಳದ್ದು, ಒಟ್ಟು 54 ಸಾವಿರ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡರು. ತಾನಾಗೇ ಉದುರಿದ ಪೇಂಟಿಗೆ ನಾವು ದುಡ್ಡು ಕೊಟ್ಟೆವು. ಅಗ್ರಿಮೆಂಟ್‌ನಲ್ಲಿ ಹಾಗೇ ಬರೆದಿತ್ತು, ನಾವು ಓದದೆ ಸಹಿ ಹಾಕಿದ್ದೆವು.

ಓಸಿ ಪ್ರತಿ ಕೇಳಿ, ಬರುತ್ತೆ ಅಂದರೆ ಬಂದ ಮೇಲೆ ಅಡ್ವಾನ್ಸ್ ಕೊಡ್ತೀವಿ ಅನ್ನಿ. ನೀವು ನೋಡುತ್ತಿರುವ ಮನೆಯದ್ದೇ ಬೆಸ್ಕಾಂ ಬಿಲ್ ತೋರಿಸಲು ಹೇಳಿ, ಪಕ್ಕದ ಮನೆಯದ್ದಲ್ಲ. ದೊಡ್ಡ ಪ್ರಾಜೆಕ್ಟ್ ಆದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್‌ನಲ್ಲೂ ಹುಡುಕಿ. ಟ್ಯಾಂಕರ್ ದುಡ್ಡು ಯಾರದ್ದು, ಪೇಂಟಿಂಗ್ ಅಂತ ಎಷ್ಟು ಹಿಡಿಯುತ್ತಾರೆ, ಬರೆಸಿಕೊಳ್ಳಿ. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಬ್ರೋಕರ್ ಇಲ್ಲದೆ ಹೋಗಿ ನೋಡಿ. ಆ ಹೊತ್ತಿಗೆ ಟ್ಯಾಂಕರ್ ನಿಂತಿದೆಯಾ ಗೊತ್ತಾಗುತ್ತದೆ, ವಾಚ್‌ಮನ್ ಕೂಡ ನಿಜ ಹೇಳುತ್ತಾರೆ.