ಎಂಜಿಬಿಗೆ ಯಾವ ಪೆಟ್ರೋಲ್ ಪೈಪ್? ನಾಲ್ಕು ಬಗೆ ಹಾಕಿ ನೋಡಿದ ಮೇಲೆ

ಎಂಜಿಬಿ ಎಂಬ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನ್‌ನಲ್ಲಿ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್‌ಗಳೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಮಗ್ಗುಲಲ್ಲಿವೆ. ಮೇಲೆ ಪೆಟ್ರೋಲ್, ಕೆಳಗೆ ಕಾದ ಕಬ್ಬಿಣ. ಈ ಕಾರಿನಲ್ಲಿ ಪೈಪ್ ಜಿನುಗುತ್ತಿದ್ದರೆ ‘ಮುಂದಿನ ಸರ್ವಿಸ್‌ಗೆ ನೋಡೋಣ’ ಅನ್ನುವಂತಿಲ್ಲ. ಪೆಟ್ರೋಲ್ ವಾಸನೆ ಬಂದ ದಿನವೇ ಗಾಡಿ ನಿಲ್ಲಿಸಬೇಕು.

ಹೊಸ ಪೈಪ್ ಕೇಳಿದರೆ ಅಂಗಡಿಯವರು ಮೊದಲು ಹೇಳುವುದು ಪ್ರೆಷರ್ ವಿಚಾರ. ಎಸ್‌ಯು ಪಂಪ್ ಕೊಡುವುದೇ ಸುಮಾರು 3 ಪಿಎಸ್ಐ. ಅಷ್ಟನ್ನು ಯಾವ ಪೈಪ್ ಆದರೂ ತಡೆಯುತ್ತದೆ. ನೋಡಬೇಕಾದದ್ದು ಒಳಪದರ ಯಾವ ವಸ್ತುವಿನದು, ಎಥನಾಲ್ ಬೆರೆತ ಪೆಟ್ರೋಲ್‌ಗೆ ಅದು ಬಾಳುತ್ತದೆಯೇ ಎಂಬುದನ್ನು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಈ ಕಾರು ತಯಾರಾಗುತ್ತಿದ್ದಾಗ ಈ ಪ್ರಶ್ನೆಯೇ ಇರಲಿಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಇ10, ಅಂದರೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆತದ್ದು, ಆಯಿತು. ಹಳೆ ಕಾರಿನವರಿಗೆ ಅಲ್ಲಿ ಇ5 ಇರುವ ಸೂಪರ್ ಪೆಟ್ರೋಲ್ ಇನ್ನೂ ಸಿಗುತ್ತದೆ. ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿತು. ಹಾಗಾಗಿ ಇಲ್ಲಿ ಹಳೆ ಗಾಡಿ ಇಟ್ಟುಕೊಂಡವರು ಪೈಪ್ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು.

ಮೊದಲನೆಯದು ಸಾದಾ ನೈಟ್ರೈಲ್ ರಬ್ಬರ್ ಪೈಪ್, ಮೇಲೆ ಅದರ ಗುಣಮಟ್ಟದ ಗುರುತಾಗಿ ಎಸ್‌ಎಇ ಜೆ30 ಆರ್6 ಎಂದು ಅಚ್ಚಾಗಿರುತ್ತದೆ. ಅಗ್ಗ, ಮೆತ್ತಗೆ ಬಾಗುತ್ತದೆ, ಎರಡು ಕಾರ್ಬುರೇಟರ್‌ಗಳ ನಡುವಿನ ಗಿಡ್ಡ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ಕೂರಿಸುವ ಸುಖಕ್ಕೆ ಇದನ್ನು ಮೀರಿಸಿದ್ದು ಇಲ್ಲ. ಆದರೆ ರಬ್ಬರನ್ನು ಮೆತ್ತಗಿಡುವ ಅಂಶವನ್ನು ಪೆಟ್ರೋಲ್ ನಿಧಾನಕ್ಕೆ ಕರಗಿಸಿ ಒಯ್ಯುತ್ತದೆ. ಗಾಡಿ ಓಡುತ್ತಿರುವಷ್ಟು ದಿನ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ನಿಂತು ಪೈಪ್ ಒಳಗೆ ಒಣಗಿದಾಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಒಳಗಿಂದ ಉದುರಿದ ಕರಿ ಚೂರು ಫ್ಲೋಟ್ ಬೌಲ್‌ನ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಒಳಹರಿವನ್ನು ತಡೆಯುವ ನೀಡಲ್ ವಾಲ್ವ್‌ಗೆ ಸಿಕ್ಕಿಕೊಂಡರೆ ಬೌಲ್ ತುಂಬಿ ಹರಿಯುತ್ತದೆ. ಆಗ ಎಲ್ಲರೂ ಕಾರ್ಬುರೇಟರ್ ಬಿಚ್ಚುತ್ತಾರೆ, ಪೈಪನ್ನು ಯಾರೂ ನೋಡುವುದಿಲ್ಲ.

ಎರಡನೆಯದು ಹೊರಗೆ ಬಟ್ಟೆ ಅಥವಾ ಸ್ಟೀಲ್ ತಂತಿಯ ಹೆಣಿಗೆ ಇರುವ ರಬ್ಬರ್ ಪೈಪ್. ಹಳೆ ಕಾರಿನ ಎಂಜಿನ್ ಮೇಲೆ ನೋಡಲು ಚೆಂದ, ಪ್ರದರ್ಶನಕ್ಕೆ ಒಯ್ಯುವವರು ಇದನ್ನೇ ಕೇಳುತ್ತಾರೆ. ನಮ್ಮ ಮಟ್ಟಿಗೆ ನಾಲ್ಕರಲ್ಲಿ ಇದೇ ಕೆಟ್ಟ ಆಯ್ಕೆ. ಒಳಗಿನ ರಬ್ಬರ್ ಹೆಚ್ಚಾಗಿ ಅದೇ ನೈಟ್ರೈಲ್, ಮೇಲಾಗಿ ಅದು ಬಿರುಕು ಬಿಟ್ಟದ್ದನ್ನು ಹೆಣಿಗೆ ಮುಚ್ಚಿಡುತ್ತದೆ. ಬಟ್ಟೆ ಹೆಣಿಗೆಯದ್ದಾದರೆ ಜಿನುಗಿದ ಪೆಟ್ರೋಲನ್ನು ದೀಪದ ಬತ್ತಿಯ ಹಾಗೆ ಹೀರಿ ಇನ್ನೆಲ್ಲೋ ತೊಟ್ಟಿಕ್ಕಿಸುತ್ತದೆ. ಬಿಚ್ಚಿ ತೆಗೆದ ಒಂದು ತುಂಡಿನಲ್ಲಿ ಕ್ಲಿಪ್ ಹತ್ತಿರ ಹೆಣಿಗೆ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿತ್ತು. ರಬ್ಬರ್ ಸೀಳಿದ್ದು ಅಲ್ಲಿಂದ ನಾಲ್ಕು ಬೆರಳು ಆಚೆ, ನಡುಭಾಗದಲ್ಲಿ. ಕ್ಲಿಪ್ ಬಿಗಿ ಮಾಡುತ್ತಾ ಕೂತಿದ್ದರೆ ಆ ಸೋರಿಕೆ ಎಂದಿಗೂ ನಿಲ್ಲುತ್ತಿರಲಿಲ್ಲ.

ಮೂರನೆಯದು ಆರ್9 ಗುರುತಿನ ಪೈಪ್, ಒಳಗೆ ಎಫ್‌ಕೆಎಂ ಎಂಬ ಫ್ಲೋರಿನ್ ರಬ್ಬರ್ ಪದರ ಇರುವುದು. ವೈಟಾನ್ ಎಂಬ ಹೆಸರಿನಿಂದ ಹೆಚ್ಚು ಜನರಿಗೆ ಪರಿಚಯ. ಇಂಜೆಕ್ಷನ್ ಗಾಡಿಗಳಿಗೆಂದು ಬಂದ ಪೈಪ್, 100 ಪಿಎಸ್ಐ ತಡೆಯುತ್ತದೆ. ನಮಗೆ ಬೇಕಾದದ್ದು ಆ ಪ್ರೆಷರ್ ಅಲ್ಲ, ಒಳಪದರ. ಎಥನಾಲ್‌ಗೆ ಜಗ್ಗುವುದಿಲ್ಲ, ಗೋಡೆಯ ಮೂಲಕ ಆವಿ ಹೊರಬರುವುದೂ ತೀರಾ ಕಡಿಮೆ. ಮುಚ್ಚಿದ ಗ್ಯಾರೇಜಿನಲ್ಲಿ ಬೆಳಿಗ್ಗೆ ಬಾಗಿಲು ತೆಗೆದಾಗ ಹೊಡೆಯುವ ವಾಸನೆಯಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ದೋಷವೆಂದರೆ ಬಿರುಸು. ಗಿಡ್ಡ ತಿರುವಿನಲ್ಲಿ ಒತ್ತಾಯ ಮಾಡಿದರೆ ಮಡಚಿಕೊಂಡು ಹರಿವು ಕಟ್ಟುತ್ತದೆ, ಆದ್ದರಿಂದ ಸ್ವಲ್ಪ ಉದ್ದ ಬಿಟ್ಟು ದೊಡ್ಡ ತಿರುವು ಕೊಡಬೇಕು.

ಆರ್9 ಎಂದು ಅಚ್ಚು ಹಾಕಿದ ನಕಲಿಯೂ ಸಿಗುತ್ತದೆ. ಬ್ಲೇಡಿನಿಂದ ನೇರ ಕತ್ತರಿಸಿ ತುದಿ ನೋಡಿ. ಒಳಗೆ ತೆಳ್ಳನೆಯ ಪದರ, ಮಧ್ಯೆ ನೂಲು, ಹೊರಗೆ ದಪ್ಪ ರಬ್ಬರ್ ಬೇರೆಬೇರೆಯಾಗಿ ಕಾಣಬೇಕು. ಅನುಮಾನವಿದ್ದರೆ ಸಣ್ಣ ತುಂಡನ್ನು ಅಳತೆ ಬರೆದುಕೊಂಡು, ನೀವು ಹಾಕಿಸುವ ಪೆಟ್ರೋಲ್‌ನಲ್ಲೇ ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಿ ಕೆಲವು ವಾರ ಮನೆಯ ಹೊರಗೆ, ನೆರಳಲ್ಲಿ ಇಡಿ. ಪೆಟ್ರೋಲ್ ಬಣ್ಣ ತಿರುಗಿದ್ದರೆ, ಒಳಗೋಡೆ ಉಬ್ಬಿದ್ದರೆ ಆ ಸುರುಳಿ ವಾಪಸ್ ಕೊಡಿ.

ನಾಲ್ಕನೆಯದು ಸ್ಟೀಲ್ ಹೆಣಿಗೆಯ ಟೆಫ್ಲಾನ್ ಪೈಪ್. ವಸ್ತುವಾಗಿ ಇದಕ್ಕೆ ಸಾಟಿ ಇಲ್ಲ, ಯಾವ ಪೆಟ್ರೋಲ್‌ಗೂ ಬಗ್ಗದು. ಆದರೆ ಟೆಫ್ಲಾನ್ ಗಟ್ಟಿ, ಕಾರ್ಬುರೇಟರಿನ ಸಾದಾ ನಳಿಕೆಗೆ ತೂರಿಸಿ ಕ್ಲಿಪ್ ಬಿಗಿದರೆ ಅದು ಹಿಡಿಯುವುದೇ ಇಲ್ಲ. ಅದಕ್ಕೇ ಆದ ಆಲಿವ್ (ಬಿಗಿದಾಗ ಪೈಪನ್ನು ಕಚ್ಚಿ ಹಿಡಿಯುವ ಸಣ್ಣ ಲೋಹದ ಉಂಗುರ) ಇರುವ ಫಿಟಿಂಗ್ ಬೇಕು, ಫ್ಲೋಟ್ ಬೌಲ್ ಮುಚ್ಚಳವನ್ನೂ ಅದಕ್ಕೆ ಹೊಂದಿಸಬೇಕು. ಹೊರಗಿನ ತಂತಿ ತಾಗಿದ ಕಡೆಯೆಲ್ಲ ಗರಗಸದಂತೆ ಪೇಂಟನ್ನೂ ವೈರನ್ನೂ ತೇಯುತ್ತದೆ. ರೇಸಿಗೆ ಹೋಗುವ ಕಾರಿಗೆ ಸರಿ, ಭಾನುವಾರ ನಂದಿ ಬೆಟ್ಟಕ್ಕೆ ಹೋಗುವ ಗಾಡಿಗೆ ಇಷ್ಟು ಹಣ, ಇಷ್ಟು ಕೆಲಸ ಬೇಡ.

ನಾವು ಎಂಜಿನ್ ಕಡೆಗೆ ಆರ್9, ಕಾರಿನ ಅಡಿಭಾಗದ ಉದ್ದನೆಯ ಓಟಕ್ಕೆ ತಾಮ್ರ-ನಿಕಲ್ ಗಟ್ಟಿ ಪೈಪ್ ಹಾಕುತ್ತೇವೆ. ಬರೀ ತಾಮ್ರ ಅದುರಿ ಅದುರಿ ಗಡುಸಾಗಿ ಸೀಳುತ್ತದೆ. ಗಟ್ಟಿ ಪೈಪಿನ ತುದಿಗೆ ಸಣ್ಣ ಉಬ್ಬು ಮಾಡಿಸಿ, ಇಲ್ಲದಿದ್ದರೆ ರಬ್ಬರ್ ಜಾರುತ್ತದೆ.

ಅಳತೆಯಲ್ಲಿ ಆಗುವ ತಪ್ಪು ಹೆಚ್ಚು. ಕಾಲು ಇಂಚು ಎಂದರೆ 6.35 ಮಿ.ಮೀ., 5/16 ಇಂಚು ಎಂದರೆ 7.9. ನಳಿಕೆಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. 6.35ರ ನಳಿಕೆಗೆ 8 ಮಿ.ಮೀ. ಪೈಪ್ ತೂರಿಸಿ ಬಿಗಿದರೆ ರಬ್ಬರ್ ಸುಕ್ಕುಗಟ್ಟಿ ಆ ಸುಕ್ಕಿನಿಂದಲೇ ಸೋರುತ್ತದೆ. ಕ್ಲಿಪ್ಪೂ ಅಷ್ಟೇ ಮುಖ್ಯ. ಪಟ್ಟಿಯಲ್ಲಿ ಸೀಳು ಇರುವ, ಸ್ಕ್ರೂ ತಿರುಗಿಸಿ ಬಿಗಿಯುವ ಮಾಮೂಲಿ ವರ್ಮ್ ಕ್ಲಿಪ್ ರಬ್ಬರನ್ನು ಕೊರೆಯುತ್ತದೆ. ನಯವಾದ ಪಟ್ಟಿ, ಅಂಚು ಹೊರಕ್ಕೆ ಮಡಿಸಿದ ಇಂಜೆಕ್ಷನ್ ಕ್ಲಿಪ್ ತೆಗೆದುಕೊಳ್ಳಿ. ಅದು ಒಂದೆರಡು ಮಿ.ಮೀ. ಮಾತ್ರ ಕಿರಿದಾಗುವುದರಿಂದ ಪೈಪಿನ ಹೊರ ಅಳತೆ ನೋಡಿ ಕೊಳ್ಳಬೇಕು.

ಕೆಲಸ ಶುರು ಮಾಡುವ ಮುಂಚೆ ಎಂಜಿನ್ ಪೂರ್ತಿ ತಣ್ಣಗಾಗಲಿ, ಬ್ಯಾಟರಿಯ ಅರ್ತ್ ವೈರ್ ಬಿಚ್ಚಿ. 1967ರವರೆಗಿನ ಎಂಜಿಬಿಗಳಲ್ಲಿ ಅರ್ತ್ ಪಾಸಿಟಿವ್ ಕಡೆಗಿದೆ, ನೋಡಿಕೊಳ್ಳಿ. ಹಳೆ ಪೈಪನ್ನು ತಿರುಚಿ ಎಳೆಯಬೇಡಿ, ಉದ್ದಕ್ಕೆ ಸೀಳಿ ಬಿಡಿಸಿ. ಎಳೆದಾಟದಲ್ಲಿ ಮುಚ್ಚಳದ ನಳಿಕೆಯೇ ಸಡಿಲವಾಗಬಹುದು. ಹೊಸದನ್ನು 20 ಮಿ.ಮೀ.ಗೂ ಹೆಚ್ಚು ಒಳಕ್ಕೆ ತೂರಿಸಿ, ಕ್ಲಿಪ್ ಉಬ್ಬಿನ ಹಿಂದೆ ಬರಲಿ. ಪಟ್ಟಿಯ ಎರಡೂ ಕಡೆ ರಬ್ಬರ್ ಉಬ್ಬಿ ಬಂದರೆ ಬಿಗಿ ಜಾಸ್ತಿಯಾಗಿದೆ ಎಂದರ್ಥ.

ಪೈಪ್ ಬದಲಿಸಿದ ಮೇಲೂ ಕಾರ್ಬುರೇಟರ್ ಅಡಿ ಒದ್ದೆ ಕಂಡರೆ, ಎಸ್‌ಯುವಿನ ಎಚ್‌ಎಸ್4 ಮಾದರಿಯ ಕಾರ್ಬುರೇಟರಿನಲ್ಲಿ ಬೌಲಿನಿಂದ ಜೆಟ್ಟಿಗೆ ಹೋಗುವ ನೈಲಾನ್ ನಳಿಕೆ ನೋಡಿ. ಅದರ ತುದಿಯ ರಬ್ಬರ್ ಗ್ಲ್ಯಾಂಡ್ (ಸೋರದಂತೆ ತಡೆಯುವ ಉಂಗುರ) ಗಟ್ಟಿಯಾಗಿರುತ್ತದೆ. ಹೊಸ ಗ್ಲ್ಯಾಂಡ್ ಹಾಕುವಾಗ ನಳಿಕೆ ಅದರಿಂದ ಕನಿಷ್ಠ 4.8 ಮಿ.ಮೀ. ಆಚೆ ಚಾಚಿರಬೇಕು.

ಕೊನೆಯ ಪರೀಕ್ಷೆಗೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಹಿಂದಿನಿಂದ ಪಂಪಿನ ಟಿಕ್ ಟಿಕ್ ಕೇಳಿ. ಬೌಲ್‌ಗಳು ತುಂಬಿದಂತೆ ಸದ್ದು ನಿಧಾನವಾಗಿ ನಿಲ್ಲಬೇಕು. ನಿಂತ ಮೇಲೂ ಆಗಾಗ ಬಡಿಯುತ್ತಿದ್ದರೆ ಮುಂದೆ ಎಲ್ಲೋ ಸೋರುತ್ತಿದೆ ಅಥವಾ ನೀಡಲ್ ವಾಲ್ವ್ ಹಿಡಿಯುತ್ತಿಲ್ಲ. ಜೋರಾಗಿ ಬಡಿದರೂ ಬೌಲ್ ತುಂಬದಿದ್ದರೆ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪ್ ಗಾಳಿ ಎಳೆಯುತ್ತಿದೆ. ಆ ಕಡೆಯ ಬಿರುಕಿನಿಂದ ಒಂದು ಹನಿಯೂ ಬೀಳದಿರಬಹುದು, ಆದ್ದರಿಂದ ಮುಂದಿನದನ್ನು ಬದಲಿಸುವಾಗಲೇ ಅದನ್ನೂ ಬದಲಿಸಿ. ಮೊದಲ ಬಾರಿ ಚೆನ್ನಾಗಿ ಕಾದು ತಣಿದ ನಂತರ ರಬ್ಬರ್ ಕೊಂಚ ಕುಸಿಯುತ್ತದೆ, ಆಗ ಎಲ್ಲ ಕ್ಲಿಪ್‌ಗಳನ್ನೂ ಇನ್ನೊಮ್ಮೆ ಬಿಗಿ ನೋಡಿ.