ನೈಟ್ರೋಸೆಫಿನ್ ಪುಡಿ: ಬೀಟಾ-ಲ್ಯಾಕ್ಟಮೇಸ್ ಪ್ರತಿಬಂಧಕಗಳ ಪರೀಕ್ಷೆಗೆ ಎಷ್ಟು ನೆಚ್ಚಬಹುದು?

ಪೆನಿಸಿಲಿನ್ ಜಾತಿಯ ಔಷಧಗಳನ್ನು ಒಡೆದುಹಾಕುವ ಬೀಟಾ-ಲ್ಯಾಕ್ಟಮೇಸ್ ಕಿಣ್ವಕ್ಕೆ ಹೊಸ ಪ್ರತಿಬಂಧಕ (ಅದರ ಕೆಲಸ ತಡೆಯುವ ಅಣು) ಹುಡುಕುವವರಿಗೆ, ಮೊದಲ ಸುತ್ತಿನ ಜರಡಿಗೆ ನೈಟ್ರೋಸೆಫಿನ್‌ನಷ್ಟು ಅನುಕೂಲದ ವಸ್ತು ಬೇರೆ ಸಿಗುವುದು ಕಷ್ಟ. ಪೆನಿಸಿಲಿನ್‌ನಂತೆ ಇದರಲ್ಲೂ ಬೀಟಾ-ಲ್ಯಾಕ್ಟಮ್ ಉಂಗುರವಿದೆ, ಕಿಣ್ವ ಅದನ್ನು ಒಡೆದ ಕೂಡಲೇ ಹಳದಿ ದ್ರಾವಣ ಕೆಂಪಾಗುತ್ತದೆ. 486 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆದರಾಯಿತು. ಪ್ರತಿಬಂಧಕ ಕೆಲಸ ಮಾಡಿದ ವೆಲ್ (ಪರೀಕ್ಷಾ ಪ್ಲೇಟಿನ ಪುಟ್ಟ ಗುಳಿ) ಹಳದಿಯಾಗಿಯೇ ಉಳಿಯುತ್ತದೆ, ಬರಿಗಣ್ಣಿಗೇ ಕಾಣುತ್ತದೆ.

5 ಮಿಲಿಗ್ರಾಂ ಪುಡಿಗೆ 1 ಮಿಲಿಲೀಟರ್ ಡಿಎಂಎಸ್‌ಒ ದ್ರಾವಕ ಹಾಕಿದರೆ ಸುಮಾರು 10 ಮಿಲಿಮೋಲಾರ್ ಸ್ಟಾಕ್ (ಗಾಢ ಮೂಲ ದ್ರಾವಣ). ಪುಡಿಯನ್ನು ನೇರವಾಗಿ ಬಫರ್‌ಗೆ (ಪರೀಕ್ಷೆ ನಡೆಯುವ ನೀರಿನ ದ್ರಾವಣ) ಹಾಕಬೇಡಿ, ಸರಿಯಾಗಿ ಕರಗುವುದಿಲ್ಲ. ಸಣ್ಣ ಟ್ಯೂಬುಗಳಿಗೆ ಹಂಚಿ, ಫಾಯಿಲ್ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿಡಿ. 200 ಮೈಕ್ರೋಲೀಟರ್ ವೆಲ್‌ಗೆ 2 ಮೈಕ್ರೋಲೀಟರ್ ಸಾಕು. ಅವಿಬ್ಯಾಕ್ಟಮ್ ಎಂಬ ಪ್ರತಿಬಂಧಕದಂತೆ ಕಿಣ್ವಕ್ಕೆ ಬೆಸೆದುಕೊಳ್ಳುವ ಅಣುಗಳನ್ನು 10 ನಿಮಿಷ ಮೊದಲೇ ಕಿಣ್ವದ ಜೊತೆ ಬಿಟ್ಟಿರಬೇಕು. ಇಲ್ಲದಿದ್ದರೆ ಒಳ್ಳೆಯ ಅಣುವೂ ಸಪ್ಪೆಯಾಗಿ ಕಾಣುತ್ತದೆ, ಸುಮ್ಮನೆ ಕೈತಪ್ಪುತ್ತದೆ.

ದೊಡ್ಡ ಕೊರತೆ ಒಂದಿದೆ. ಬಫರ್‌ನಲ್ಲಿ ಡಿಟಿಟಿ ಅಥವಾ ಮರ್ಕ್ಯಾಪ್ಟೊಎಥನಾಲ್‌ನಂಥ ಗಂಧಕವಿರುವ ರಾಸಾಯನಿಕ ಇದ್ದರೆ ಕಿಣ್ವವಿಲ್ಲದೆಯೂ ಕೆಂಪೇರಬಹುದು. ಪ್ರತಿ ಪ್ಲೇಟಿನಲ್ಲೂ ಕಿಣ್ವವಿಲ್ಲದ ವೆಲ್ ಇರಲೇಬೇಕು. ಮುದ್ದೆಗಟ್ಟುವ ಅಣುಗಳೂ ಪ್ರತಿಬಂಧಕದ ವೇಷ ಹಾಕುತ್ತವೆ, ಶೇ. 0.01 ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿ ಮತ್ತೆ ನೋಡಿ. ಸತುವಿನ ನೆರವಿನಿಂದ ಕೆಲಸ ಮಾಡುವ ಬೀಟಾ-ಲ್ಯಾಕ್ಟಮೇಸ್ ಆದ ಎನ್‌ಡಿಎಂ-1ರಲ್ಲಿ ಸತುವನ್ನು ಕಿತ್ತುಕೊಳ್ಳುವ ಯಾವ ಅಣುವಾದರೂ ಗೆದ್ದಂತೆ ತೋರುತ್ತದೆ, ಲೋಹ ಹಿಡಿಯುವ ಸಾಮಾನ್ಯ ರಾಸಾಯನಿಕ ಇಡಿಟಿಎ ಕೂಡ. ಅಲ್ಲಿ ಹೆಚ್ಚುವರಿ ಸತು ಹಾಕಿದಾಗ ಕೆಂಪು ಮರಳಿದರೆ ಆ ಅಣುವಿನ ಮೇಲೆ ಅನುಮಾನವಿರಲಿ.

ದುಬಾರಿ ಪುಡಿ, ನಿಜ. ಆದರೆ 1 ಮಿಲಿಲೀಟರ್ ಸ್ಟಾಕ್‌ನಲ್ಲಿ 500 ವೆಲ್ ಆಗುತ್ತವೆ.