ಓವರ್‌ಡ್ರೈವ್ ಪರೀಕ್ಷೆಗೆ ಲೇತ್ ಮೇಲೋ, ಮೋಟಾರ್ ಮೇಲೋ?

ಟ್ರಯಂಫ್ ಟಿಆರ್4ಎ ಕಾರಿನಲ್ಲಿ ಗೇರ್‌ಬಾಕ್ಸ್ ಕಳಚಬೇಕಾದರೆ ಸೀಟುಗಳನ್ನೂ ನಡುವಿನ ಹೊದಿಕೆಯನ್ನೂ ತೆಗೆದು ಒಳಗಿನಿಂದಲೇ ಎತ್ತಬೇಕಾಗುತ್ತದೆ. ಆದ್ದರಿಂದ ಅದರ ಹಿಂಬದಿಗೆ ಜೋಡಿಸುವ ಲೇಕಾಕ್ ಎ-ಮಾದರಿಯ ಓವರ್‌ಡ್ರೈವನ್ನು (ಎಂಜಿನ್‌ನ ಅದೇ ವೇಗಕ್ಕೆ ಚಕ್ರಗಳನ್ನು ಹೆಚ್ಚು ಬೇಗ ತಿರುಗಿಸುವ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೆಚ್ಚುವರಿ ಗೇರ್ ಘಟಕ) ಬಿಚ್ಚಿ ಕಟ್ಟಿದ ಮೇಲೆ, ಕಾರಿಗೆ ಏರಿಸುವ ಮೊದಲೇ ಅದನ್ನು ಓಡಿಸಿ ನೋಡಲು ನಿಶ್ಚಯಿಸಿ ಮೂರು ವಿಧಾನಗಳನ್ನು ಪ್ರಯತ್ನಿಸಿದೆ.

ಕಂಪ್ರೆಸರ್ ಗಾಳಿಯ ವಿಧಾನವನ್ನು ಬೇಗನೆ ಕೈಬಿಟ್ಟೆ. ಅದು ಕೊಡುವ 8 ಬಾರ್ ಎಂದರೆ ಚದರ ಇಂಚಿಗೆ 116 ಪೌಂಡ್ ಮಾತ್ರ. ನನ್ನ ಘಟಕ ಕೆಲಸ ಮಾಡುವ ಒತ್ತಡದ ಮೂರನೇ ಒಂದು ಭಾಗವೂ ಅಲ್ಲ.

ಲೇತ್‌ನಲ್ಲಿ ಮೇನ್‌ಶಾಫ್ಟನ್ನು (ಗೇರ್‌ಬಾಕ್ಸ್‌ನಿಂದ ಓವರ್‌ಡ್ರೈವ್‌ಗೆ ಬರುವ ಮುಖ್ಯ ದಂಡ) ಚಕ್‌ಗೆ ಹಿಡಿಸಿ, ಕವಚ ತಿರುಗದಂತೆ ಬೆಡ್‌ಗೆ ಬಿಗಿದೆ. ಎಣ್ಣೆಗೆ ಒತ್ತಡ ಕೊಡುವ ಪಂಪನ್ನು ನಡೆಸುವ ಕ್ಯಾಮ್ ಆ ಶಾಫ್ಟ್‌ನ ಮೇಲೆಯೇ ಇರುವುದರಿಂದ, ನಿಧಾನವಾಗಿ ವೇಗ ಹೆಚ್ಚಿಸುತ್ತ, ಆಪರೇಟಿಂಗ್ ವಾಲ್ವ್‌ನ ಪ್ಲಗ್ ಇದ್ದ ಜಾಗಕ್ಕೆ ಹಾಕಿದ ಗೇಜ್‌ನಲ್ಲಿ ಒತ್ತಡ ಏರುವುದನ್ನು ಕಣ್ಣಾರೆ ನೋಡಬಹುದು. ಈ ಹಿಡಿತದಲ್ಲಿ ಲೇತ್‌ನ ಮುಂಸುತ್ತೇ ಎಂಜಿನ್‌ನ ದಿಕ್ಕಾಗಿರುವುದು ದೊಡ್ಡ ನೆಮ್ಮದಿ, ಏಕೆಂದರೆ ಓವರ್‌ಡ್ರೈವ್ ಹಿಡಿದಿರುವಾಗ ಹಿಂದಕ್ಕೆ ತಿರುಗಿದರೆ ಒಮ್ಮುಖ ಕ್ಲಚ್ ಹಾಳಾಗುತ್ತದೆ. ಆದರೆ ಮುಂಭಾಗವನ್ನು ತಾತ್ಕಾಲಿಕ ತಗಡಿನಿಂದ ಮುಚ್ಚಿದ್ದರಿಂದ ಎಣ್ಣೆ ಸೋರುತ್ತಿತ್ತು. ಹತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಲು ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಗೇಜ್ ಚದರ ಇಂಚಿಗೆ 390 ಪೌಂಡ್ ತೋರಿಸಿ ಸ್ಥಿರವಾಗಿ ನಿಂತದ್ದರಿಂದ ಎಲ್ಲವೂ ಸರಿಯಿದೆ ಎಂದು ನಂಬಿದ್ದೆ.

ಮೋಟಾರ್‌ನ ಏರ್ಪಾಡಿಗೆ ಎರಡು ದಿನ ಹಿಡಿಯಿತು. ಗೇರ್‌ಬಾಕ್ಸ್ ಸಮೇತ ಇಡೀ ಜೋಡಣೆಯನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಅದರದೇ ಎಣ್ಣೆ ತುಂಬಿ, ನಾಲ್ಕನೇ ಗೇರ್ ಹಾಕಿ, ನಿಮಿಷಕ್ಕೆ 1440 ಸುತ್ತಿನ ಮೋಟಾರ್‌ನಿಂದ ನಡೆಸಿದೆ. ಓವರ್‌ಡ್ರೈವ್ ಹಿಡಿಸುವ ಸೊಲೆನಾಯ್ಡ್‌ಗೆ (ವಿದ್ಯುತ್ಕಾಂತ) ವಿದ್ಯುತ್ ಕೊಟ್ಟೊಡನೆ ಹಿಂದಿನ ಫ್ಲ್ಯಾಂಜ್ ಸುಮಾರು 1755 ಸುತ್ತಿಗೆ ಏರಿತು, 0.82ರ ಅನುಪಾತಕ್ಕೆ (1440 ÷ 0.82) ಅದೇ ಸರಿಯಾದ ಲೆಕ್ಕ. ವೇಗವನ್ನು ಏರಿಳಿಸುವಂತಿಲ್ಲ ಎಂಬ ಕೊರತೆ ಇದ್ದರೂ, ಗಂಟೆಗಟ್ಟಲೆ ಓಡಿಸಬಹುದಾದ್ದರಿಂದ ಎಣ್ಣೆ ನಿಜವಾಗಿ ಬಿಸಿಯಾಗುತ್ತದೆ, ನನ್ನ ಅಭಿಪ್ರಾಯದಲ್ಲಿ ಪರೀಕ್ಷೆಯ ಜೀವಾಳವೇ ಅದು. ನಲವತ್ತು ನಿಮಿಷಗಳ ನಂತರ ಗೇಜ್ 390ರಿಂದ 310ಕ್ಕೆ ಇಳಿಯಿತು. ತಣ್ಣಗಿನ ದಪ್ಪ ಎಣ್ಣೆ ಮುಚ್ಚಿಟ್ಟಿದ್ದ ಸೋರಿಕೆಯನ್ನು ತೆಳುವಾದ ಬಿಸಿ ಎಣ್ಣೆ ಬಯಲಿಗೆ ತಂದಿತ್ತು.

ಭಾರವಿಲ್ಲದೆ ತಿರುಗುವ ಈ ಯಾವ ವಿಧಾನವೂ ಓವರ್‌ಡ್ರೈವನ್ನು ಹಿಡಿದಿಡುವ ಕೋನ್ ಕ್ಲಚ್ ಜಾರುತ್ತದೆಯೇ ಎಂಬುದನ್ನು ಹೇಳಲಾರದು. ಅದಕ್ಕೆ ರಸ್ತೆಯ ಏರೇ ಬೇಕು. ಆದರೆ ಒತ್ತಡದ ದೋಷ ಹುಡುಕಲು ನಾನು ಇನ್ನು ಮುಂದೆ ಮೋಟಾರನ್ನೇ ಬಳಸುತ್ತೇನೆ. ಸೋರಿಕೆ ಇದ್ದದ್ದು ಪಂಪ್‌ನ ನಾನ್-ರಿಟರ್ನ್ ವಾಲ್ವ್‌ನಲ್ಲಿ (ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ). ಅದರ ಗುಂಡನ್ನು ಪೀಠದ ಮೇಲಿಟ್ಟು ಹಿತ್ತಾಳೆಯ ಕಡ್ಡಿಯಿಂದ ಹಗುರವಾಗಿ ತಟ್ಟಿ ಕೂರಿಸಿದ ಮೇಲೆ, ಬಿಸಿ ಎಣ್ಣೆಯಲ್ಲೂ ಗೇಜ್ 380ರಲ್ಲಿ ನಿಂತಿತು.